ಕಲ್ಲು ತಿಕ್ಕಿದವನ ಗೆರೆ

೩ ಸೆಪ್ಟೆಂಬರ್ ೧೯೩೪, ಸೋಮವಾರ

ಬೈಂಡಿನವರ ತಪ್ಪಿನಿಂದ ಈ ಡೈರಿಯಲ್ಲಿ ಜೂನ್ ತಿಂಗಳು ಎರಡು ಸಲ ಬಂದಿದೆ, ಸೆಪ್ಟೆಂಬರ್ ಇಲ್ಲವೇ ಇಲ್ಲ. ಮಾರಲಿಕ್ಕಾಗದ ಪ್ರತಿ ಎಂದು ಧಣಿ ನನಗೆ ಕೊಟ್ಟುಬಿಟ್ಟರು. ಜೂನ್ ಎಂದು ಇದ್ದದ್ದನ್ನು ಹೊಡೆದು ಹಾಕಿ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರಿಗೆ ಡೈರಿ ಎಂತಕ್ಕೆ ಎಂದು ನನ್ನ ಹೆಂಡತಿ ಬಾಗಿ ಕೇಳಿದಳು.

ಬರೆಯಲಿಕ್ಕೆ ಕಾರಣ ಉಂಟು. ಬಲ್ಮಠದ ನಮ್ಮ ಕಲ್ಲಚ್ಚಿನ ಅಚ್ಚುಕೂಟದಿಂದ ಮದ್ರಾಸಿನ ಪ್ರದರ್ಶನಕ್ಕೆ ಒಂದು ಹಾಳೆ ಕಳಿಸಬೇಕಂತೆ. ಒಂದೇ ಹಾಳೆ. ಅದರ ಅಡಿಯಲ್ಲಿ ಮಾಡಿದವನ ಹೆಸರು ಅಚ್ಚಾಗಿರಬೇಕು ಎಂದು ಅವರ ಕಾಗದದಲ್ಲಿ ಬರೆದಿದೆ. ಧಣಿ ನಿತ್ಯಾನಂದ ಪೈಗಳು ಅದನ್ನು ಎರಡು ಸಲ ಓದಿ ಹೇಳಿದರು.

ನಲವತ್ತೊಂದು ವರ್ಷದಿಂದ ನಾನು ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಎಲ್ಲವನ್ನೂ ತಿರುಗಿಸಿ ಬರೆಯುತ್ತಾ ಬಂದಿದ್ದೇನೆ. ಕಾಗದಕ್ಕೆ ಒತ್ತುವಾಗ ಅದು ನೆಟ್ಟಗಾಗುತ್ತದೆ. ಹಂಚಿನ ಕಾರ್ಖಾನೆಯ ಲೇಬಲ್, ಕಾಫಿಪುಡಿ ಡಬ್ಬದ ಲೇಬಲ್, ಬೀಡಿ ಕಟ್ಟಿನ ಲೇಬಲ್. ಎಲ್ಲದರಲ್ಲಿಯೂ ಮಾಲೀಕನ ಹೆಸರು ಉಂಟು, ಅವನ ಅಪ್ಪನ ಹೆಸರೂ ಉಂಟು. ಬರೆದ ಪೂವಪ್ಪನ ಹೆಸರು ಒಂದು ಕಡೆಯೂ ಇಲ್ಲ.

ಈ ಸಲ ಇರುತ್ತದೆ. ನವಿಲು, ಬಳ್ಳಿ, ಕೂದಲೆಳೆಯಷ್ಟು ಸಪುರದ ಗೆರೆಯ ಅಂಚು ಎಲ್ಲ ಸೇರಿಸಿ ಒಂದು ಹಾಳೆ ಶುರು ಮಾಡಿದ್ದೇನೆ. ಬೇರೆ ಯಾರದ್ದು ಕಳಿಸುತ್ತಾರೆ? ಬೇರೆ ಯಾರಿದ್ದಾರೆ?

೯ ಸೆಪ್ಟೆಂಬರ್, ಆದಿತ್ಯವಾರ

ನಿನ್ನೆ ಕ್ರಿಸ್ತುವರ ಹೊಸ ಅಕ್ಕಿಯ ಮೊಂತಿ ಹಬ್ಬಕ್ಕೆ ಊಟದ ಪಾಲು ಕಳಿಸಿದ್ದಕ್ಕೆ ಬಾಯಿಮಾತಿನ ಉಪಚಾರ ಹೇಳಿ ಬರುವ ಎಂದು ನಮ್ಮ ಜೆಪ್ಪುವಿನಲ್ಲೇ ನಾಲ್ಕು ಮನೆ ಆಚೆ ಇರುವ ಮ್ಯಾಕ್ಸಿಮ್ ಪೊರ್ಬುವಿನಲ್ಲಿಗೆ ಹೋದೆ. ಮೂವತ್ತು ವರ್ಷ ನನ್ನ ಕಲ್ಲು ತಿಕ್ಕಿದವನು. ಒಂದು ಲೇಬಲ್ ಒತ್ತಿ ಆದ ಮೇಲೆ ಮರಳು, ನೀರು ಹಾಕಿ, ಕಲ್ಲಿನ ಮೇಲೆ ಕಲ್ಲಿಟ್ಟು ತಿಕ್ಕಿ ಹಳೆಯದನ್ನು ಅಳಿಸಬೇಕು. ಆಗ ಹೊಸದು ಬರೆಯಬಹುದು. ಅದು ಅವನ ಕೆಲಸ. ಒಂದು ಅಕ್ಷರ ಬರೆದವನಲ್ಲ. ಫೆಬ್ರವರಿಯಲ್ಲಿ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು. ಮಾತೂ ಅರ್ಧ ಹೋಯಿತು. ಎಡಗೈಗೆ ಏನಾದರೂ ಕೆಲಸ ಕೊಡಿ ಎಂದು ಡಾಕ್ಟರು ಹೇಳಿದ್ದರಿಂದ ಮಗಳು ವಿನಿಫ್ರೆಡ್ ಅಚ್ಚುಕೂಟದ ರದ್ದಿ ಕಾಗದ, ಕಲ್ಲಿನ ಮೇಲೆ ಬರೆಯುವ ಮುರಿದ ಜಿಡ್ಡಿನ ಕಡ್ಡಿಗಳನ್ನು ತಂದು ಕೊಟ್ಟಿದ್ದಳು.

ಹೋಗಿ ನೋಡಿದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವ ಎಸ್ತೆರ್ ಟೀಚರ್ ಬೆಂಚಿನಲ್ಲಿ ಕೂತಿದ್ದಾರೆ. ತೊಡೆಯ ಮೇಲೆ ಅವನ ರದ್ದಿ ಕಾಗದ.

"ಪೂವಪ್ಪಣ್ಣ, ನೀವಾದರೂ ಹೇಳಿ, ಇದರಲ್ಲಿ ಎಂತ ಉಂಟು? ಟೀಚರ್ ಆಗಿನಿಂದ ನೋಡ್ತಾ ಇದ್ದಾರೆ," ಎಂದಳು ವಿನಿಫ್ರೆಡ್.

ನೋಡಿದೆ. ಗೆರೆಗಳು. ಸುತ್ತಿಕೊಂಡು, ಒಂದನ್ನೊಂದು ದಾಟಿಕೊಂಡು, ನಡುವೆ ತುಂಡಾಗಿ, ಮತ್ತೆ ಶುರುವಾಗಿ. ಹೂವಿಲ್ಲ, ಮನುಷ್ಯನಿಲ್ಲ, ಏನೂ ಇಲ್ಲ.

"ಕೋಳಿ ಕೆದರಿದ ಹಾಗೆ ಉಂಟು," ಎಂದೆ.

ಮ್ಯಾಕ್ಸಿಮ್ ನಕ್ಕ. ಈಗ ಅವನ ನಗು ಬಾಯಿಯ ಎಡಭಾಗದಲ್ಲಿ ಮಾತ್ರ. ಟೀಚರ್ ನಗಲಿಲ್ಲ.

"ಎಂತದರ ಚಿತ್ರ ಅಂತ ಕೇಳಬೇಡಿ, ಪೂವಪ್ಪನವರೇ. ಈ ಗೆರೆ ಎಲ್ಲಿ ಹೊರಟಿತು, ಎಲ್ಲಿ ಜೋರಾಯ್ತು, ಎಲ್ಲಿ ನಿಧಾನ ಆಯ್ತು, ಅಷ್ಟು ನೋಡಿ. ಅದರ ಹಿಂದೆಯೇ ಹೋಗಿ."

"ಗೆರೆಯ ಹಿಂದೆ ಹೋಗಿ ಹೋಗಿಯೇ ನನ್ನ ಕಣ್ಣು ಹೋದದ್ದು, ಟೀಚರ್."

ನಲವತ್ತೊಂದು ವರ್ಷದಲ್ಲಿ ನನ್ನ ಲೇಬಲನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದವರು ಒಬ್ಬರಿಲ್ಲ. ಡಬ್ಬ ತೆರೆಯುವಾಗ ಹರಿದು ಬಿಸಾಡುತ್ತಾರೆ. ಚಹಾ ಕುಡಿಯದೆ ಎದ್ದು ಬಂದೆ.

೧೪ ಸೆಪ್ಟೆಂಬರ್, ಶುಕ್ರವಾರ

ಟೀಚರ್ ಅಚ್ಚುಕೂಟಕ್ಕೇ ಬಂದರು. ಧಣಿಯ ಕೋಣೆಯಲ್ಲಿ ಒಂದು ಗಂಟೆ ಮಾತು. ಅವರು ಹೋದ ಮೇಲೆ ಧಣಿ ನನ್ನನ್ನು ಕರೆದರು.

"ಪೂವಪ್ಪ, ಮ್ಯಾಕ್ಸಿಮನ ಮನೆಗೆ ಒಂದು ಕಲ್ಲು ಕಳಿಸುವ. ಅವನು ಅದರ ಮೇಲೆಯೇ ಗೆರೆ ಹಾಕಲಿ. ಮದ್ರಾಸಿನಲ್ಲಿ ಈಗ ಇಂಥದ್ದನ್ನು ನೋಡುವವರು ಇದ್ದಾರಂತೆ. ಪ್ರೂಫ್ ಚೆನ್ನಾಗಿ ಬಂದರೆ ಅದನ್ನೇ ಕಳಿಸುವ ಅಂತ."

"ನನ್ನ ಹಾಳೆ?"

"ನಿಮ್ಮದು ಚೆಂದ ಉಂಟು. ನವಿಲು ಎಲ್ಲ ಉಂಟು. ಆದರೆ ನವಿಲನ್ನು ಎಲ್ಲರೂ ಕಳಿಸ್ತಾರೆ ಮಾರಾಯ್ರೆ."

ಹೊಸದಾಗಿ ಕಲ್ಲು ತಿಕ್ಕಲು ಬಂದಿರುವ ತುಕ್ರ ಕೈಗಾಡಿಯಲ್ಲಿ ಕಲ್ಲು ಇಟ್ಟುಕೊಂಡು ಜೆಪ್ಪುವಿಗೆ ಹೋದ. ನಾನು ನೋಡುತ್ತಾ ನಿಂತೆ.

೧೫ ಸೆಪ್ಟೆಂಬರ್

ಎಲ್ಲರೂ ಹೋದ ಮೇಲೆ ರದ್ದಿ ಕಾಗದದಲ್ಲಿ ನಾನೂ ಹಾಕಿ ನೋಡಿದೆ. ಅರ್ಧ ಬುದ್ಧಿಯವನು ಮಾಡುವುದು ನನಗೆ ಬರುವುದಿಲ್ಲವೇ ಎಂದು. ಕಡ್ಡಿಯನ್ನು ಸುಮ್ಮನೆ ಓಡಿಸಿದೆ. ಬಾಗಿತು, ಕತ್ತಾಯಿತು, ಕೊಕ್ಕಾಯಿತು. ಇನ್ನೊಂದು ಸಲ ಓಡಿಸಿದರೆ ಕಾಫಿ ಕಂಪೆನಿಯ ಬಳ್ಳಿ. ಏಳು ಕಾಗದ ಹಾಳಾಯಿತು. ನನ್ನ ಗೆರೆ ಎಲ್ಲಿಂದ ಹೊರಟರೂ ನವಿಲಿನಲ್ಲಿ ಹೋಗಿ ನಿಲ್ಲುತ್ತದೆ. ಎಲ್ಲವನ್ನೂ ಮನೆಗೆ ತಂದು ಒಲೆಗೆ ಹಾಕಿದೆ.

"ನೀರು ಕಾಯಿಸಲಿಕ್ಕೆ ಒಳ್ಳೆಯದಾಯ್ತು," ಎಂದಳು ಬಾಗಿ.

೨೨ ಸೆಪ್ಟೆಂಬರ್, ಶನಿವಾರ

ಕಲ್ಲು ವಾಪಸು ಬಂತು. ಅವನು ಅದಕ್ಕೆ ಐದು ದಿನ ಹಿಡಿದನಂತೆ. ವಿನಿಫ್ರೆಡ್ ಬಾಗಿಯ ಹತ್ತಿರ ಹೇಳಿದಳಂತೆ, ಪಪ್ಪ ಈಗ ಊಟವನ್ನೂ ಮರೆಯುತ್ತಾರೆ, ಮುಖದಲ್ಲಿ ಕಳೆ ಬಂದಿದೆ ಎಂದು. ಬಾಗಿ ಅದನ್ನು ನನಗೆ ಯಾಕೆ ಹೇಳಬೇಕು?

ಪ್ರೂಫ್ ತೆಗೆಯುವ ಮೊದಲು ಕಲ್ಲಿಗೆ ಗೋಂದು ಮತ್ತು ಆಸಿಡ್ ಹಾಕಬೇಕು. ಆಮೇಲೆ ತಿದ್ದುವುದು ಕಷ್ಟ. ಹಾಗಾಗಿ ಮೊದಲೇ ಭೂತಗನ್ನಡಿ ಹಿಡಿದು ನೋಡುವುದು ನನ್ನ ಕ್ರಮ. ಗೆರೆ ಇಪ್ಪತ್ತಮೂರು ಕಡೆ ತುಂಡಾಗಿತ್ತು. ಒಂದೊಂದು ಕಡೆ ಕಾಳು ಮೆಣಸಿನಷ್ಟು ಜಾಗ ಖಾಲಿ. ಲೇಬಲಿನಲ್ಲಿ ಹೀಗೆ ಬಂದರೆ ಗಿರಾಕಿ ಇಡೀ ಕಟ್ಟನ್ನು ಮುಖಕ್ಕೆ ಎಸೆಯುತ್ತಾನೆ. ತುಂಡು ಗೆರೆ ಕಂಡರೆ ಕೂಡಿಸುವುದಕ್ಕೇ ನನಗೆ ಸಂಬಳ.

ಕೂಡಿಸಿದೆ. ಅದೇ ಕಡ್ಡಿಯನ್ನು ಚೂಪು ಮಾಡಿ ಇಪ್ಪತ್ತಮೂರೂ ಕಡೆ ಕೂಡಿಸಿದೆ. ನಡುಗಿದ ಕಡೆ ಸೂಜಿಯಿಂದ ಕೆರೆದು ನೇರ ಮಾಡಿದೆ. ಅವನ ಕೈ ಎಲ್ಲಿ ನಿಂತಿತು, ನನ್ನದು ಎಲ್ಲಿ ಶುರುವಾಯಿತು ಎಂದು ಯಾರೂ ಹೇಳಲಾರರು.

ನಾನು ಹಾಳು ಮಾಡಲಿಲ್ಲ. ಸರಿ ಮಾಡಿದೆ. ಬೇರೆ ಯಾವ ಕಲ್ಲು ಬಂದರೂ ಹಾಗೆಯೇ ಮಾಡುತ್ತಿದ್ದೆ.

೨೪ ಸೆಪ್ಟೆಂಬರ್, ಸೋಮವಾರ

ಪ್ರೂಫ್ ಬಂತು. ಒಂದು ಚುಕ್ಕಿ ಶಾಯಿ ಹರಡಲಿಲ್ಲ. ಟೀಚರ್ ಕಿಟಕಿಯ ಹತ್ತಿರ ಹಿಡಿದು ನೋಡಿದರು, ದೂರ ಇಟ್ಟು ನೋಡಿದರು.

"ಕಲ್ಲಿನಲ್ಲಿ ನೋಡುವಾಗ ಎಂತದೋ ಇತ್ತು," ಎಂದರು. "ಕಾಗದಕ್ಕೆ ಬರಲಿಲ್ಲ. ಈಗ ಇದು ತಂತಿ ಸುತ್ತಿಟ್ಟ ಹಾಗೆ ಉಂಟು."

"ಕಲ್ಲಚ್ಚಿನಲ್ಲಿ ಕೆಲವು ಹಾಗೆಯೇ," ಎಂದೆ.

ಧಣಿ ಸ್ವಲ್ಪ ಹೊತ್ತು ಗಲ್ಲ ತುರಿಸಿದರು. "ಹಾಗಾದರೆ ಪೂವಪ್ಪನದ್ದೇ ಹೋಗಲಿ. ಅಕ್ಟೋಬರ್ ಇಪ್ಪತ್ತಕ್ಕೆ ಮದ್ರಾಸ್ ಮೇಲ್ ರೈಲಿಗೆ ಪಾರ್ಸೆಲ್ ಹಾಕಬೇಕು. ಅಡಿಯಲ್ಲಿ ಹೆಸರು ಬರೆಯಿರಿ."

ಬರುವಾಗ ಬಾಗಿಗೆ ಒಂದು ಅಟ್ಟೆ ಮಲ್ಲಿಗೆ ಮಾಲೆ ತಂದೆ.

"ಎಂತ ಮಾರಾಯ್ರೆ, ಯಾರ ಮದುವೆ?"

"ನನ್ನ ಹೆಸರು ಮದ್ರಾಸಿಗೆ ಹೋಗ್ತದೆ."

"ಹೆಸರು ಮಾತ್ರವಾ? ನೀವೂ ಹೋದರೆ ನನಗೆ ನಾಲ್ಕು ದಿನ ಆರಾಮ ಇತ್ತು," ಎಂದಳು. ಆದರೆ ಮುಡಿದುಕೊಂಡಳು.

೨೬ ಸೆಪ್ಟೆಂಬರ್

ಹೆಸರು ಬರೆಯಲಿಕ್ಕೆ ಕೂತೆ. ಕೆಮ್ಮು. ನಾಳೆ ನೋಡುವ.

೨೮ ಸೆಪ್ಟೆಂಬರ್

ಕೆಮ್ಮಿಲ್ಲ. ಬರೆಯಲಿಲ್ಲ.

೩೦ ಸೆಪ್ಟೆಂಬರ್, ಆದಿತ್ಯವಾರ

ಮ್ಯಾಕ್ಸಿಮ್ ಪ್ರೂಫ್ ನೋಡಬೇಕು ಎಂದು ಹಟ ಹಿಡಿದಿದ್ದಾನೆಂದು ವಿನಿಫ್ರೆಡ್ ಹೇಳಿ ಕಳಿಸಿದಳು. ಕೊಂಡು ಹೋಗದಿದ್ದರೆ ನನಗೆ ಹೆದರಿಕೆ ಎಂದಾಗುತ್ತದೆ. ಕೊಂಡು ಹೋದೆ.

ಮೇಜಿನ ಮೇಲೆ ಹಾಸಿಕೊಟ್ಟೆ. ಅವನು ಒಂದು ಗೆರೆಯ ಮೇಲೆ ಬೆರಳಿಟ್ಟು ಹೊರಟ. ಹೋಗುತ್ತಾ ಹೋಗುತ್ತಾ ಒಂದು ಕಡೆ ನಿಂತ. ವಾಪಸು ಬಂದ. ಮತ್ತೆ ಹೋಗಿ ಅಲ್ಲಿಯೇ ನಿಂತ.

"ಇಲ್ಲಿ... ಎತ್ತಿದ್ದೆ," ಎಂದ.

ಇನ್ನೊಂದು ಕಡೆ. "ಇಲ್ಲಿಯೂ." ಇನ್ನೊಂದು ಕಡೆ.

ನಾನು ಕೂಡಿಸಿದ ಜಾಗವನ್ನು ಒಂದೂ ಬಿಡದೆ ತೋರಿಸಿದ. ನಡುವೆ ನಾನು ಎಣಿಸುವುದನ್ನು ಬಿಟ್ಟೆ.

"ಪಪ್ಪ ಎಂತ ಹೇಳ್ತಾ ಇದ್ದಾರೆ, ಪೂವಪ್ಪಣ್ಣ? ಎಂತ ಎತ್ತಿದ್ದು?"

ಅವಳಿಗೆ ಉತ್ತರ ಅವನೇ ಕೊಟ್ಟ. ಎಡ ಅಂಗೈಯನ್ನು ಮೇಜಿನ ಮೇಲಿಟ್ಟು ಎಂಟರ ಅಂಕೆಯ ಹಾಗೆ ತಿರುಗಿಸಿದ. ತಿರುಗಿಸುತ್ತಾ ಮೂಲೆಯಿಂದ ಮೂಲೆಗೆ ಹೋದ. ಆಮೇಲೆ ಅಂಗೈ ಎತ್ತಿದ. ಇಲ್ಲದ ಮರಳನ್ನು ಹಿಡಿದು ಚೆಲ್ಲಿದ, ಇಲ್ಲದ ನೀರು ಚಿಮುಕಿಸಿದ, ಮತ್ತೆ ಅಂಗೈ ಇಟ್ಟ.

ಕಲ್ಲು ತಿಕ್ಕುವುದು. ಅವನು ಹಾಕಿದ್ದು ಅದನ್ನೇ.

ಮೂವತ್ತು ವರ್ಷ ನನ್ನ ಬೆನ್ನ ಹಿಂದೆ ಅದು ನಡೆಯುತ್ತಿತ್ತು. ನಾನು ತಿರುಗಿ ನೋಡಿದವನಲ್ಲ. ಶಬ್ದ ಮಾತ್ರ ಗೊತ್ತು. ಗರಗರ ಎಂದು ಬರುತ್ತದೆ, ನಿಲ್ಲುತ್ತದೆ, ನೀರು ಬಿದ್ದ ಶಬ್ದ, ಮತ್ತೆ ಗರಗರ. ನಿಂತದ್ದು ಹೆಚ್ಚಾದರೆ ನಾನೇ ಬೈಯುತ್ತಿದ್ದೆ. ಎಂತ ಪೊರ್ಬು, ನಿದ್ದೆಯಾ ಎಂದು.

"ಗೆರೆ ತುಂಡಾಗಿತ್ತು. ಸರಿ ಮಾಡಿದೆ," ಎಂದೆ.

ಅವನು ನನ್ನನ್ನು ನೋಡಿದ. ಬಲಗಣ್ಣು ಸರಿ ಮುಚ್ಚುವುದಿಲ್ಲವಾದ್ದರಿಂದ ಅವನು ನೋಡಿದರೆ ನೋಡುತ್ತಲೇ ಇರುತ್ತಾನೆ.

"ತಿಕ್ಕು," ಎಂದ.

"ತುಕ್ರನಿಗೆ ಹೇಳ್ತೇನೆ."

"ತುಕ್ರ ಬೇಡ. ನೀನು."

೧ ಅಕ್ಟೋಬರ್, ಸೋಮವಾರ

ಧಣಿಗೆ ಹೇಳಿದೆ. ಆ ಕಲ್ಲನ್ನು ನಾನು ತಿದ್ದಿದ್ದೇನೆ, ಅದಕ್ಕೇ ಹಾಗೆ ಬಂದದ್ದು, ಅವನು ಇನ್ನೊಂದು ಸಲ ಹಾಕಲಿ.

"ತಿದ್ದಿದ್ದು ಯಾಕೆ?"

"ಅಭ್ಯಾಸ."

ಅವರು ಕನ್ನಡಕ ತೆಗೆದು ಒರೆಸಿದರು. "ಮತ್ತೆ ನಿಮ್ಮ ಹಾಳೆ?"

"ಅಲ್ಲೇ ಇರಲಿ. ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿ. ನನ್ನದು ಮೇಲೆಂದಾದರೆ ಕಳಿಸಿ."

ಅವನ ಮೇಲೆ ಪ್ರೀತಿ ಉಕ್ಕಿ ಹೇಳಿದ್ದಲ್ಲ. ಎದುರಿನವನ ಕಾಲು ಕಟ್ಟಿ ಓಡಿ ಗೆದ್ದೆ ಎಂದು ನಾಳೆ ಯಾರೂ ಹೇಳಬಾರದು. ಅಷ್ಟೇ.

೩ ಅಕ್ಟೋಬರ್

ಅರವತ್ತಮೂರನೇ ವಯಸ್ಸಿನಲ್ಲಿ ಕಲ್ಲು ತಿಕ್ಕಿದೆ. ತುಕ್ರ ಕೈಕಟ್ಟಿ ನಿಂತು ನೋಡಿದ.

"ಪೂವಪ್ಪಣ್ಣ, ನನ್ನ ಹೊಟ್ಟೆಗೆ ಹೊಡೆಯುವ ಯೋಚನೆಯಾ ಎಂತ?"

"ನಿನ್ನ ಕೆಲಸ ನೋಡು."

"ನನ್ನ ಕೆಲಸವನ್ನೇ ನೋಡ್ತಾ ಇದ್ದೇನೆ. ನೀವು ಮಾಡ್ತಾ ಇದ್ದೀರಲ್ಲ."

ಎಲ್ಲರೂ ನಕ್ಕರು. ನಾನು ತಿಕ್ಕಿದೆ. ಮರಳು, ನೀರು, ಕಲ್ಲಿನ ಮೇಲೆ ಕಲ್ಲು. ಮೊದಲು ನೀರುನೀರಾಗಿ ಜಾರುತ್ತದೆ. ಆಮೇಲೆ ಗಂಜಿಯ ಹಾಗೆ ದಪ್ಪವಾಗಿ ಮೇಲಿನ ಕಲ್ಲನ್ನು ಹಿಡಿಯುತ್ತದೆ. ಆಗ ಎತ್ತಬೇಕು. ಎತ್ತದೆ ಎಳೆದರೆ ಗೀರು ಬೀಳುತ್ತದೆ. ನಾನು ಎಳೆದೆ, ಗೀರು ಬಿತ್ತು. ಮತ್ತೆ ಮೊದಲಿನಿಂದ. ಅವನ ಗೆರೆ, ನನ್ನ ಗೆರೆ ಎಂದು ನೋಡದೆ ಮರಳು ಎರಡನ್ನೂ ತಿಂದಿತು.

ತೋಳು ಮೇಲೇಳುವುದಿಲ್ಲ. ಬಾಗಿ ಎಣ್ಣೆ ತಿಕ್ಕುತ್ತಾ ಎಂತದೋ ಗೊಣಗಿದಳು. ಕೇಳಿಸಲಿಲ್ಲ ಎಂದು ಮಾಡಿದೆ.

೭ ಅಕ್ಟೋಬರ್, ಆದಿತ್ಯವಾರ

ಕಲ್ಲು ಜೆಪ್ಪುವಿಗೆ ಬಂತು. ಮ್ಯಾಕ್ಸಿಮ್ ಎಡ ಅಂಗೈಯನ್ನು ಅದರ ಮೇಲೆ ಒಮ್ಮೆ ಆಡಿಸಿದ. ಭೂತಗನ್ನಡಿ ಬೇಡ, ಅಳತೆಕೋಲು ಬೇಡ.

"ನಡುವೆ ಗುಂಡಿ," ಎಂದ.

"ಎಲ್ಲಿ ಗುಂಡಿ? ನನ್ನ ಕಣ್ಣಿಗೆ ಕಾಣುವುದಿಲ್ಲ."

"ಕಣ್ಣಿಗೆ... ಕಾಣುವುದಿಲ್ಲ."

ವಿನಿಫ್ರೆಡ್ ನಗು ತಡೆಯಲು ಒಳಗೆ ಹೋದಳು. ಕಲ್ಲು ವಾಪಸು. ಆ ಅಂಗೈ ಒಂದು ನನಗೆ ಇದ್ದಿದ್ದರೆ ನಾನು ಮದ್ರಾಸಿನಲ್ಲಿಯೇ ಇರುತ್ತಿದ್ದೆ, ಇಲ್ಲಿ ಯಾಕೆ ಇರುತ್ತಿದ್ದೆ?

೧೦ ಅಕ್ಟೋಬರ್

ಕೈ ತಾನಾಗಿ ನಡುವಿಗೇ ಜಾರುತ್ತದೆ, ಅದಕ್ಕೇ ಗುಂಡಿ. ಮೂಲೆಯಿಂದ ಹೊರಟು ಎಂಟು ಹಾಕುತ್ತಾ ಅಂಚಿನವರೆಗೂ ಹೋಗಿ ತಿರುಗಬೇಕು. ಇದು ತುಕ್ರ ಹೇಳಿಕೊಟ್ಟದ್ದು. ಕೇಳಿಸಿಕೊಂಡೆ. ಸಾಯಂಕಾಲ ಕಲ್ಲು ಕಳಿಸಿದೆ. ವಾಪಸು ಬರಲಿಲ್ಲ.

೧೪ ಅಕ್ಟೋಬರ್, ಆದಿತ್ಯವಾರ

ಇವತ್ತು ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಮ್ಯಾಕ್ಸಿಮನ ಎದುರು ಕೂತೆ. ಅವನು ಎಲ್ಲಿಯಾದರೂ ಮೋಸ ಮಾಡುತ್ತಾನೆಯೋ ನೋಡುವ ಎಂದೇ ಹೋದದ್ದು.

ಅವನು ಕಡ್ಡಿಯನ್ನು ಬೆರಳಿನಲ್ಲಿ ಹಿಡಿಯುವುದಿಲ್ಲ, ಮುಷ್ಟಿಯಲ್ಲಿ ಹಿಡಿಯುತ್ತಾನೆ. ಹೆಗಲಿನಿಂದ ಗೆರೆ ಬರುತ್ತದೆ. ನನ್ನದು ಮಣಿಕಟ್ಟಿನಿಂದ ಬರುವ ಗೆರೆ, ಹಾಗಾಗಿ ಅಂಗೈಗಿಂತ ದೂರ ಹೋಗುವುದಿಲ್ಲ, ಬಳುಕಿ ವಾಪಸು ಬಂದು ನವಿಲಿನ ಕತ್ತಾಗುತ್ತದೆ. ಅವನದು ಕಲ್ಲಿನ ಈ ಮೂಲೆಯಿಂದ ಹೊರಟರೆ ಆ ಮೂಲೆಯ ಆಚೆಗೂ ಹೋಗುತ್ತದೋ ಎಂದು ಕಾಣುತ್ತದೆ.

ಮೊದಲಿನ ಗೆರೆ ತೆಳು. ಮರಳು ಹೊಸತಾಗಿರುವಾಗ ಕಲ್ಲು ಹಾಗೆ ಜಾರುತ್ತದೆ. ಹೋಗುತ್ತಾ ಹೋಗುತ್ತಾ ಗೆರೆ ದಪ್ಪವಾಯಿತು, ನಿಧಾನವಾಯಿತು. ಮರಳು ಗಂಜಿಯ ಹಾಗೆ ಕಟ್ಟುತ್ತಾ ಬಂತು. ಈಗ ಎತ್ತುತ್ತಾನೆ ಎಂದುಕೊಂಡೆ. ಎತ್ತಲಿಲ್ಲ. ಇನ್ನೂ ಒಂದು ಸುತ್ತು ಹೋದ. ನನ್ನ ತೋಳು ನೋಯಲು ಶುರುವಾಯಿತು. ಆಮೇಲೆ ಎತ್ತಿದ. ನಾನು ಉಸಿರು ಬಿಟ್ಟೆ.

ಖಾಲಿ ಜಾಗ. ಅಲ್ಲಿ ಅವನು ಕೈ ಸುಮ್ಮನೆ ಎತ್ತಿ ಹಿಡಿದಿರುತ್ತಾನೆ. ಮರಳು ಹಾಕುವಷ್ಟು ಹೊತ್ತು, ನೀರು ಚಿಮುಕಿಸುವಷ್ಟು ಹೊತ್ತು. ಆಮೇಲೆ ಇಟ್ಟರೆ ಗೆರೆ ಮತ್ತೆ ತೆಳು. ಎರಡು ಗೆರೆ ದಾಟುವ ಕಡೆ ಯಾವುದು ಮೊದಲು ಹಾಕಿದ್ದು, ಯಾವುದು ಆಮೇಲೆ ಎಂದು ದಪ್ಪ ನೋಡಿಯೇ ಹೇಳಬಹುದು. ಒಂದು ಕಡೆ ಕೈ ನಡುಗಿತು. ಕಲ್ಲಿನ ಅಡಿಯಲ್ಲಿ ದಪ್ಪ ಮರಳಿನ ಕಾಳು ಸಿಕ್ಕಿದರೆ ಹೀಗೆ ಅದುರುತ್ತದೆ. ಅದನ್ನೂ ಹಾಕಿದ. ಅಥವಾ ಅದು ಬರೇ ಕಾಯಿಲೆಯ ನಡುಕವೋ ಏನೋ. ಕೇಳಲಿಲ್ಲ.

ಮಧ್ಯಾಹ್ನ ವಿನಿಫ್ರೆಡ್ ಗಂಜಿ, ಒಣಮೀನಿನ ಚಟ್ನಿ ತಂದಿಟ್ಟು, "ಇಬ್ಬರೂ ಎಂತ ನೋಡ್ತಾ ಕೂತದ್ದು, ತಣ್ಣಗಾಯ್ತು," ಎಂದಳು. ಆಗ ಗೊತ್ತಾಯಿತು, ನಾನೂ ಎಡಗೈಯನ್ನು ಮುಷ್ಟಿ ಮಾಡಿಕೊಂಡು ಮೊಣಕಾಲಿನ ಮೇಲೆ ತಿರುಗಿಸುತ್ತಿದ್ದೇನೆ.

ಮ್ಯಾಕ್ಸಿಮ್ ನನ್ನ ಮುಷ್ಟಿ ನೋಡಿ, "ನೀನು ಮೂಲೆ ಬಿಟ್ಟೆ," ಎಂದ.

ಇವನಿಗೆ ಇದೆಲ್ಲ ಎಲ್ಲಿಂದ ಬಂತು? ನಾನು ಮೂವತ್ತು ವರ್ಷ ಮುಂದೆ ಕೂತವನು, ಇವನು ಹಿಂದೆ ಇದ್ದವನು. ಯಾವನೂ ಕಲಿಸಲಿಲ್ಲ. ನನಗೆ ಕಲಿಸಿದರು. ಹೊಟ್ಟೆ ಉರಿಯುತ್ತದೆ. ನಾಳೆ ಬಾಕಿ ಅರ್ಧ ಹಾಕುತ್ತಾನಂತೆ, ಬೆಳಗ್ಗೆ ಬೇಗ ಹೋಗಬೇಕು.

೧೭ ಅಕ್ಟೋಬರ್

ಗೋಂದು, ಆಸಿಡ್ ನಾನೇ ಹಾಕಿದೆ. ಆಸಿಡ್ ಹೆಚ್ಚಾದರೆ ತೆಳು ಗೆರೆಗಳು ಸುಟ್ಟು ಹೋಗುತ್ತವೆ. ಹನಿ ಹನಿ ಎಣಿಸಿ ಹಾಕಿದೆ. ಖಾಲಿ ಬಿಟ್ಟ ಕಡೆಗಳಿಗೆ ಶಾಯಿ ಹತ್ತಬಾರದು ಎಂದು ನಾಲ್ಕು ಸಲ ಒದ್ದೆ ಮಾಡಿದೆ. ಪ್ರೂಫಿನಲ್ಲಿ ಎಲ್ಲ ಇದೆ. ಒಂದೂ ಮುಚ್ಚಿಹೋಗಲಿಲ್ಲ.

ಟೀಚರ್ ಬಂದು ನೋಡಿ ಏನೋ ಹೇಳಲು ಹೊರಟರು. ನಾನೇ ಹೇಳಿದೆ, ಇಲ್ಲಿಂದ ಶುರು ಮಾಡಿ, ಇಲ್ಲಿ ಭಾರ ಆಗ್ತದೆ ನೋಡಿ, ಇಲ್ಲಿ ಎತ್ತಿದ್ದು, ಇಲ್ಲಿ ಮರಳು ಹೊಸತು. ಅವರು ಪುಸ್ತಕ ತೆಗೆದು ಬರೆದುಕೊಂಡರು. ಡ್ರಾಯಿಂಗ್ ಕಲಿಸುವವರಿಗೂ ಹೇಳಿಕೊಡಬೇಕು, ಎಂತ ಮಾಡುವುದು.

ಮ್ಯಾಕ್ಸಿಮನದ್ದೇ ಹೋಗುತ್ತದೆ. ಇನ್ನು ಮೂರು ದಿನ ಉಂಟು. ಒಳ್ಳೆಯ ಕಾಗದ ಬೇಕು, ನಮ್ಮಲ್ಲಿರುವ ಲೇಬಲ್ ಕಾಗದ ಇದಕ್ಕೆ ಆಗುವುದಿಲ್ಲ ಎಂದು ಧಣಿಯ ಹತ್ತಿರ ಜಗಳ ಮಾಡಿ ತರಿಸಿದೆ.

೧೯ ಅಕ್ಟೋಬರ್, ಶುಕ್ರವಾರ

ಹೆಸರಿನ ಅಕ್ಷರ ಯಾವುದರಲ್ಲಿ ಬೇಕು, ಕನ್ನಡವೋ ಇಂಗ್ಲಿಷೋ ಎಂದು ಕೇಳಲು ಬೆಳಗ್ಗೆ ಮ್ಯಾಕ್ಸಿಮನಲ್ಲಿಗೆ ಹೋದೆ.

"ಕನ್ನಡ. ನಿನ್ನ ಕನ್ನಡ ಚೆಂದ," ಎಂದ. ಆಮೇಲೆ, "ತಿಕ್ಕಿದ್ದು?"

"ಎಂತ ತಿಕ್ಕಿದ್ದು?"

"ಕಲ್ಲು. ತಿಕ್ಕಿದವನ... ಹೆಸರು."

"ಯಾವ ಊರಿನಲ್ಲಿ ಕಲ್ಲು ತಿಕ್ಕಿದವನ ಹೆಸರು ಹಾಕ್ತಾರೆ, ಪೊರ್ಬು?"

"ಹಾಕುವುದಿಲ್ಲ," ಎಂದ. ಉಸಿರು ತೆಗೆದುಕೊಂಡ. "ಮೂವತ್ತು ವರ್ಷ ಹಾಕಲಿಲ್ಲ. ಈಗ ಹಾಕು."

ಸಿಟ್ಟು ಬಂತು. ಎಲ್ಲ ಬಿಟ್ಟು ಕಲ್ಲು ತಿಕ್ಕುವವನೆಂದು ನನ್ನ ಹೆಸರು ಮದ್ರಾಸಿನವರು ಓದಬೇಕೇ? ಬೇಡ ಎಂದೆ. ಬೇಡವೆಂದರೆ ತನ್ನದೂ ಬೇಡ ಎಂದು ಕೈಸನ್ನೆ ಮಾಡಿದ. ಆ ಮುಚ್ಚದ ಕಣ್ಣಿನ ಹತ್ತಿರ ಜಗಳ ಮಾಡಿ ಗೆಲ್ಲಲಿಕ್ಕಾಗುವುದಿಲ್ಲ.

ಮನೆಯಲ್ಲಿ ಹೇಳಿದರೆ ಬಾಗಿ, "ಹೆಸರು ಬರಬೇಕು ಅಂತ ಒಂದೂವರೆ ತಿಂಗಳಿನಿಂದ ಕುಣಿದದ್ದು ನೀವಲ್ಲವಾ?" ಎಂದಳು.

"ಬರೆದವನು ಅಂತ ಬರಬೇಕಿತ್ತು."

"ಆ ಕಲ್ಲನ್ನು ತಿಕ್ಕಿದ್ದು ಯಾರು, ನಾನಾ?"

ಅಚ್ಚುಕೂಟಕ್ಕೆ ಹೋಗಿ, ಗೋಂದು ಹಾಕಿದ ಕಲ್ಲಿನ ಅಡಿಯಂಚನ್ನು ಮತ್ತೆ ಬರೆಯಲಿಕ್ಕಾಗುವ ಹಾಗೆ ವಿನೆಗರಿನಲ್ಲಿ ತೊಳೆದು ಕೂತೆ. ಮೊದಲು ಅವನದು ಬರೆದೆ. ‘ಗೆರೆ: ಮ್ಯಾಕ್ಸಿಮ್.’ ನನ್ನ ಕೈಗೆ ಬರುವ ಎಲ್ಲ ಚೆಂದವನ್ನೂ ಹಾಕಿದೆ, ಅದರಲ್ಲಿ ಕಳ್ಳತನ ಮಾಡಲಿಲ್ಲ. ಆಮೇಲೆ ‘ಕಲ್ಲು:’ ಎಂದು ಬರೆದು ನಿಂತೆ. ಸಾವಿರ ಜನರ ಹೆಸರನ್ನು ಕಣ್ಣು ಮುಚ್ಚಿ ತಿರುಗಿಸಿ ಬರೆದವನು ನಾನು. ನನ್ನದನ್ನು ತಿರುಗಿಸಿ ಬರೆಯುವ ಸಂದರ್ಭ ಒಂದು ಸಲವೂ ಬಂದಿರಲಿಲ್ಲ. ಪೂ ಅಕ್ಷರದ ಕೊಂಬು ಯಾವ ಕಡೆ ತಿರುಗುತ್ತದೆ ಎಂದು ಗೊತ್ತಾಗಲಿಲ್ಲ. ಒಂದು ಚೀಟಿಯಲ್ಲಿ ನೆಟ್ಟಗೆ ಬರೆದು, ಬೆಳಕಿಗೆ ಹಿಡಿದು, ಹಿಂಬದಿಯಿಂದ ನೋಡಿ, ಕಲಿಯುವವರ ಹಾಗೆ ಬರೆದೆ. ತುಕ್ರ ನೋಡುತ್ತಿದ್ದ. ನೋಡಲಿ.

ಅವನ ಹೆಸರಿನಷ್ಟೇ ಎತ್ತರ. ಕೂದಲೆಳೆಯಷ್ಟೂ ಕಡಿಮೆ ಇಲ್ಲ, ಅಳೆದಿದ್ದೇನೆ.